ಓದಿ ನೋಡದ ಪ್ರತಿ

2024ರ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯಲ್ಲಿ ಕರೆಂಟು ಹೋಯಿತು, ಹತ್ತು ನಿಮಿಷಕ್ಕೆ ಬಂತು, ನಾನು ಕಂಪ್ಯೂಟರನ್ನು ಚಾಲೂ ಮಾಡುವಷ್ಟರಲ್ಲಿ ಮತ್ತೆ ಹೋಯಿತು. ಬೇಸಿಗೆಯಲ್ಲಿ ಇದು ನಮ್ಮ ಕಡೆ ಹೊಸ ಸಂಗತಿಯಲ್ಲ. ಯುಪಿಎಸ್‌ನ ಬ್ಯಾಟರಿ ಸತ್ತು ಆರು ತಿಂಗಳಾಗಿದ್ದರೂ ಅದನ್ನು ಬದಲಿಸುವ ಕೆಲಸವನ್ನು ನಾನು ಮುಂದೂಡುತ್ತಲೇ ಬಂದಿದ್ದೆ. ಎರಡನೆಯ ಸಲ ಕರೆಂಟು ಬಂದ ಮೇಲೆ ಕಂಪ್ಯೂಟರು ವಿಂಡೋಸ್‌ನ ಗುರುತು ತೋರಿಸುವವರೆಗೆ ಬಂದು ಅಲ್ಲಿಯೇ ನಿಂತಿತು. ಅರ್ಧ ತಾಸು ಕಾದರೂ ಮುಂದೆ ಹೋಗಲಿಲ್ಲ. ಫ್ಯಾನ್ ಬಂದ್ ಮಾಡಿ ಕ್ಯಾಬಿನೆಟ್ಟಿನ ಹತ್ತಿರ ಕಿವಿಯಿಟ್ಟಾಗ, ಹಾರ್ಡ್ ಡಿಸ್ಕು ತಿರುಗುವ ಸದ್ದಿನ ನಡುವೆ ಆಗೊಮ್ಮೆ ಈಗೊಮ್ಮೆ ಒಂದು ಸಣ್ಣ ‘ಟಿಕ್’ ಕೇಳಿಸಿತು. ಹತ್ತು ವರ್ಷ ಅದೇ ಮೇಜಿನ ಮುಂದೆ ಕುಳಿತವನಿಗೆ ಆ ಸದ್ದು ಹೊಸದೆಂದು ತಿಳಿಯಲು ತಡವಾಗಲಿಲ್ಲ.

ಆ ಡಿಸ್ಕಿನಲ್ಲಿ ಏನಿತ್ತೆಂಬುದನ್ನು ಹೇಳದೆ ನನ್ನ ಅಂದಿನ ಭಯ ಅರ್ಥವಾಗುವುದಿಲ್ಲ. ನಮ್ಮ ಹಿರಿಯರ ಮನೆ ಹಳೆಯ ಬಾಗಲಕೋಟೆಯಲ್ಲಿ, ಘಟಪ್ರಭೆಯ ಕಡೆಗಿನ ಒಂದು ತಗ್ಗಿನ ಓಣಿಯಲ್ಲಿತ್ತು. ಮಣ್ಣಿನ ಮಾಳಿಗೆ, ಕಟ್ಟಿಗೆಯ ಕಂಬಗಳ ಪಡಸಾಲೆ, ನಡುಮನೆಗೆ ಬೆಳಕು ಬೀಳುವ ಒಂದೇ ಬೆಳಕಿಂಡಿ. ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ಪಾತ್ರದೊಳಗೆ ಹಿಂದಕ್ಕೆ ಏರಿ ಬಂದು ಊರಿನ ತಗ್ಗು ಭಾಗಗಳನ್ನು ಸೇರಿತು, ಜಲಾಶಯವು 519.60 ಮೀಟರಿನ ಮಟ್ಟಕ್ಕೆ ತುಂಬುವ ಕಾಲದಲ್ಲಿ ಆ ಮನೆಯಿದ್ದ ಜಾಗದಲ್ಲಿ ಈಗ ನೀರು ನಿಲ್ಲುತ್ತದೆ. ನಾವು ನವನಗರಕ್ಕೆ ಬಂದಾಗ ಅಪ್ಪ ತೊಲೆಗಳನ್ನೂ ಬಾಗಿಲುಗಳನ್ನೂ ಮಾರಿದರು, ಆಲ್ಬಮ್ಮನ್ನು ಮಾತ್ರ ತಾವೇ ಕೈಯಲ್ಲಿ ಹಿಡಿದು ತಂದರು. 2009ರಲ್ಲಿ ನಾನು ಆ ಆಲ್ಬಮ್ಮಿನ 212 ಫೋಟೋಗಳನ್ನು ಸ್ಕ್ಯಾನ್ ಮಾಡಿಸಿದೆ. ಮುಂದೆ ಒಂದು ಮಳೆಗಾಲದಲ್ಲಿ ಅಲಮಾರಿಗೆ ಗೆದ್ದಲು ಹತ್ತಿ ಆಲ್ಬಮ್ಮು ಮಣ್ಣಾಯಿತು. ಫೋಟೋ ತೆಗೆದ ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷಗಳಾಗಿದ್ದುದರಿಂದ ನೆಗೆಟಿವ್‌ಗಳೂ ಇರಲಿಲ್ಲ. ಇದರ ಜೊತೆಗೆ ಅಪ್ಪ ತಮ್ಮ ಕೊನೆಯ ವರ್ಷಗಳಲ್ಲಿ ಹೇಳಿ ಬರೆಸಿದ ಮನೆತನದ ವೃತ್ತಾಂತವೂ ಅದೇ ಡಿಸ್ಕಿನಲ್ಲಿತ್ತು. ಓಣಿಯೂ ಇಲ್ಲ, ಮನೆಯೂ ಇಲ್ಲ, ಕಾಗದದ ಫೋಟೋವೂ ಇಲ್ಲ. ಮತ್ತೊಮ್ಮೆ ಹೋಗಿ ಫೋಟೋ ತೆಗೆದುಕೊಂಡು ಬರುವ ಮಾತೇ ಇರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು ನಿಶ್ಚಿಂತೆಯಾಗಿದ್ದುದಕ್ಕೆ ಕಾರಣ ‘ಡಿ ಡ್ರೈವ್’ ಎಂಬ ನಂಬಿಕೆ. ನಮ್ಮಲ್ಲಿ ಕಂಪ್ಯೂಟರ್ ಕೊಂಡವರಿಗೆಲ್ಲ ಮೊದಲ ದಿನವೇ ಸಿಗುವ ಉಪದೇಶವೆಂದರೆ, ಮುಖ್ಯವಾದುದನ್ನು ಸಿ ಡ್ರೈವಿನಲ್ಲಿ ಇಡಬೇಡಿ, ಡಿ ಡ್ರೈವಿನಲ್ಲಿ ಇಡಿ ಎಂಬುದು. ಆ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ವಿಂಡೋಸ್ ಕೆಟ್ಟು ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಿದರೆ ಡಿ ಡ್ರೈವ್ ಉಳಿಯುತ್ತದೆ. ಆದರೆ ಸಿ ಮತ್ತು ಡಿ ಎಂಬವು ಸಾಮಾನ್ಯವಾಗಿ ಎರಡು ಡಿಸ್ಕುಗಳಲ್ಲ, ಒಂದೇ ಡಿಸ್ಕಿನ ಮೇಲೆ ಎಳೆದ ಒಂದು ಗೆರೆಯ ಆಚೆ ಈಚೆ ಇರುವ ಎರಡು ಭಾಗಗಳು. ಒಂದೇ ಹೊಲಕ್ಕೆ ನಡುವೆ ಬದು ಹಾಕಿದರೆ ಹೊಳೆ ಬಂದಾಗ ಎರಡೂ ಕಡೆಯ ಬೆಳೆ ಹೋಗುತ್ತದೆ. ಹಿನ್ನೀರಿನ ಊರಿನಲ್ಲಿ ಬೆಳೆದ ನನಗೆ ಇದು ಮೊದಲೇ ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ. ನನ್ನ ಪರಿಚಯದ ಎಷ್ಟೋ ಮಾಸ್ತರರು, ವಕೀಲರು, ಅಂಗಡಿಯವರು ಇಂದಿಗೂ ಡಿ ಡ್ರೈವಿನಲ್ಲಿ ‘ಬ್ಯಾಕಪ್’ ಎಂಬ ಹೆಸರಿನ ಒಂದು ಫೋಲ್ಡರ್ ಮಾಡಿಟ್ಟುಕೊಂಡು ನೆಮ್ಮದಿಯಿಂದಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ ಎಂದರೂ ತಪ್ಪಲ್ಲ.

ಹಾರ್ಡ್ ಡಿಸ್ಕಿನ ಒಳಗೆ ಏನಿದೆಯೆಂದು ಒಮ್ಮೆ ತಿಳಿದುಕೊಂಡವರು ಅದನ್ನು ಅಷ್ಟಾಗಿ ನಂಬಲಾರರು. ಕನ್ನಡಿಯಂತೆ ನುಣುಪಾದ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಓದುವ, ಬರೆಯುವ ತಲೆಯು ತಟ್ಟೆಗೆ ತಾಗದೆ, ತಿರುಗುವ ತಟ್ಟೆಯೇ ಎಬ್ಬಿಸುವ ಗಾಳಿಯ ಪದರದ ಮೇಲೆ, ಕೆಲವೇ ನ್ಯಾನೋಮೀಟರುಗಳ ಎತ್ತರದಲ್ಲಿ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪ ಅದರ ಸಾವಿರಾರು ಪಟ್ಟು ಹೆಚ್ಚು. ಕರೆಂಟು ಹಠಾತ್ತಾಗಿ ಹೋದಾಗ ತಿರುಗುತ್ತಿರುವ ತಟ್ಟೆಗಳ ವೇಗದಿಂದಲೇ ಒಂದಿಷ್ಟು ವಿದ್ಯುತ್ತನ್ನು ಪಡೆದು ಆ ತಲೆಯನ್ನು ಸುರಕ್ಷಿತ ಜಾಗಕ್ಕೆ ಎಳೆದುಕೊಳ್ಳುವ ವ್ಯವಸ್ಥೆ ಡಿಸ್ಕಿನಲ್ಲಿಯೇ ಇರುತ್ತದೆ. ಆ ಕ್ಷಣದಲ್ಲಿ ಬರೆಯುತ್ತಿದ್ದ ಮಾಹಿತಿಯನ್ನು ಮಾತ್ರ ಅದು ಉಳಿಸಲಾರದು. ವರ್ಷಗಳು ಕಳೆದಂತೆ ತಟ್ಟೆಯ ಕೆಲವು ಜಾಗಗಳು ಓದಲು ಬಾರದಂತಾಗುತ್ತವೆ. ಡಿಸ್ಕು ಅಂಥ ಸೆಕ್ಟರುಗಳನ್ನು ಗುರುತಿಸಿ, ಅವುಗಳ ಬದಲಿಗೆ ಮೀಸಲಿಟ್ಟ ಬೇರೆ ಸೆಕ್ಟರುಗಳನ್ನು ಬಳಸಿಕೊಳ್ಳುತ್ತದೆ, ಮತ್ತು ಈ ಲೆಕ್ಕವನ್ನು ‘ಸ್ಮಾರ್ಟ್’ ಎಂಬ ತನ್ನ ದಾಖಲೆಯಲ್ಲಿ ಬರೆದಿಡುತ್ತದೆ. ಆ ದಾಖಲೆಯಲ್ಲಿ 5 ಎಂಬ ಗುರುತಿನ ಸಂಖ್ಯೆಯ ಸಾಲು ಬದಲಾಯಿಸಿದ ಸೆಕ್ಟರುಗಳ ಎಣಿಕೆ; 197 ಎಂಬ ಸಂಖ್ಯೆಯ ಸಾಲು ಓದಲಾಗದೆ ಬಾಕಿ ಉಳಿದವುಗಳ ಎಣಿಕೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶದಲ್ಲಿ ಇದನ್ನು ಯಾರು ಬೇಕಾದರೂ ಒಂದು ನಿಮಿಷದಲ್ಲಿ ನೋಡಬಹುದು. ಎರಡೂ ಸೊನ್ನೆ ಇದ್ದರೆ ಡಿಸ್ಕು ನಾಳೆಯೂ ಇರುತ್ತದೆಂಬ ಖಾತರಿಯಿಲ್ಲ, ಆದರೆ ಆ ಸಂಖ್ಯೆಗಳು ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕು ನಿಮಗೆ ಮೊದಲೇ ತಿಳಿಸುತ್ತಿದೆ ಎಂದೇ ಅರ್ಥ. ನಾನು ಹತ್ತು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಮರುದಿನ ಬೆಳಗ್ಗೆ ಕ್ಯಾಬಿನೆಟ್ಟನ್ನು ಹೊತ್ತು ರಿಪೇರಿ ಅಂಗಡಿಗೆ ಹೋದೆ. ಅಲ್ಲಿಯ ಹುಡುಗ ಅದನ್ನು ಚಾಲೂ ಮಾಡಿ, ಎರಡು ನಿಮಿಷ ನೋಡಿ, ‘ಸರ್, ಫಾರ್ಮ್ಯಾಟ್ ಹೊಡದು ವಿಂಡೋಸ್ ಹೊಸಾದು ಹಾಕ್ತೀನ್ರಿ. ಸಂಜೀಗೆ ಒಯ್ಯಾಕ ಬರ್ರಿ’ ಎಂದ. ನಾನು ಸುಮ್ಮನೆ ನಿಂತದ್ದನ್ನು ಕಂಡು, ‘ಇದರಾಗಿನ ಡಾಟಾ ಬೇಕಾಗೇತೇನ್ರಿ?’ ಎಂದು ಕೇಳಿದ. ಬೇಕು ಎಂದೆ. ‘ಹಂಗಾರ ನಾ ಕೈ ಹಚ್ಚೂದುಲ್ರಿ’ ಎಂದು ಅವನು ತಂತಿಗಳನ್ನು ಬಿಚ್ಚಿ ಕ್ಯಾಬಿನೆಟ್ಟನ್ನು ಮರಳಿ ಕೊಟ್ಟ. ಆ ಹುಡುಗನ ಈ ಕೊನೆಯ ಮಾತಿಗೆ ನಾನು ಇಂದಿಗೂ ಋಣಿ. ತನಗೆ ತಿಳಿಯದ ಕೆಲಸಕ್ಕೆ ಕೈ ಹಾಕದವರು ಕಡಿಮೆ. ಸಾಯುತ್ತಿರುವ ಡಿಸ್ಕಿನ ಮೇಲೆ ದುರಸ್ತಿಯ ತಂತ್ರಾಂಶವನ್ನು ಓಡಿಸಿ, ಇದ್ದುದನ್ನೂ ಅಳಿಸಿಹಾಕುವುದೇ ಹೆಚ್ಚಾಗಿ ನಡೆಯುತ್ತದೆ.

ವಿಜಯಪುರದಲ್ಲಿರುವ ನನ್ನ ತಂಗಿಯ ಮಗ ಆಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ. ಫೋನಿನಲ್ಲಿ ನಾನು ಸದ್ದಿನ ವಿಷಯ ಹೇಳುತ್ತಿದ್ದಂತೆಯೇ, ‘ಮಾಮಾ, ಮೊದಲ ಅದನ್ನ ಬಂದ್ ಮಾಡ್ರಿ. ನಾ ಬರೂತನಕ ಮತ್ತ ಚಾಲೂ ಮಾಡಬ್ಯಾಡ್ರಿ’ ಎಂದ. ಕೆಡುತ್ತಿರುವ ಡಿಸ್ಕು ಇನ್ನೆಷ್ಟು ತಾಸು ಓಡುತ್ತದೆಂಬುದು ಯಾರಿಗೂ ಗೊತ್ತಿರುವುದಿಲ್ಲವಾದ್ದರಿಂದ, ಉಳಿದ ಆಯುಷ್ಯವನ್ನೆಲ್ಲ ನಕಲು ಮಾಡಿಕೊಳ್ಳುವುದಕ್ಕೇ ಖರ್ಚು ಮಾಡಬೇಕು ಎಂಬುದು ಅವನ ವಾದ. ಟಿಕ್ ಸದ್ದು ಒಂದೇ ಸಮನೆ ಬರುತ್ತಿದ್ದರೆ, ಅಥವಾ ಕಂಪ್ಯೂಟರು ಡಿಸ್ಕನ್ನು ಗುರುತಿಸದೆಯೇ ಇದ್ದರೆ, ಮನೆಯಲ್ಲಿ ಏನೂ ಮಾಡಬಾರದು, ಧೂಳಿಲ್ಲದ ಕೋಣೆಯಿರುವ ಪ್ರಯೋಗಾಲಯಕ್ಕೆ ಕಳಿಸುವುದೊಂದೇ ದಾರಿ ಎಂದೂ ಅವನು ಹೇಳಿದ. ನಮ್ಮ ಡಿಸ್ಕು ಆ ಹಂತ ತಲುಪಿರಲಿಲ್ಲ.

ಶನಿವಾರ ಬಂದವನೇ ಅವನು ಮಾಡಿದ ಕೆಲಸವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಅದರ ಕ್ರಮದಲ್ಲಿಯೇ ಅದರ ಬುದ್ಧಿವಂತಿಕೆಯಿದೆ. ನಮ್ಮ ಡಿಸ್ಕು 1 ಟಿಬಿಯದು. ಅದಕ್ಕಿಂತ ದೊಡ್ಡದಾದ 2 ಟಿಬಿಯ ಹೊಸ ಡಿಸ್ಕೊಂದನ್ನು ನನ್ನಿಂದ ಮೊದಲೇ ತರಿಸಿಟ್ಟಿದ್ದ. ಕಂಪ್ಯೂಟರಿನ ವಿಂಡೋಸನ್ನು ಮುಟ್ಟದೆ, ಪೆನ್‌ಡ್ರೈವಿನಿಂದಲೇ ಲಿನಕ್ಸ್ ಎಂಬ ಬೇರೊಂದು ಕಾರ್ಯಾಚರಣೆ ವ್ಯವಸ್ಥೆಯನ್ನು ಚಾಲೂ ಮಾಡಿ, ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶಕ್ಕೆ ಕೆಲಸ ಒಪ್ಪಿಸಿದ. ಸಾಮಾನ್ಯವಾಗಿ ನಾವು ಫೈಲುಗಳನ್ನು ಕಾಪಿ ಮಾಡುವಾಗ ಒಂದು ಕೆಟ್ಟ ಸೆಕ್ಟರ್ ಸಿಕ್ಕರೆ ಕಂಪ್ಯೂಟರು ಅಲ್ಲಿಯೇ ಮತ್ತೆ ಮತ್ತೆ ಓದಲು ಯತ್ನಿಸಿ ಡಿಸ್ಕಿನ ಉಳಿದ ಆಯುಷ್ಯವನ್ನು ಸವೆಸುತ್ತದೆ. ಈ ತಂತ್ರಾಂಶ ಹಾಗೆ ಮಾಡುವುದಿಲ್ಲ. ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲು ಬರುವುದನ್ನೆಲ್ಲ ಎತ್ತಿಕೊಂಡು, ತೊಡಕಿನ ಜಾಗ ಸಿಕ್ಕ ಕೂಡಲೇ ಅದನ್ನು ದಾಟಿ ಮುಂದಕ್ಕೆ ಹೋಗುತ್ತದೆ. ಎಲ್ಲಿ ಬಿಟ್ಟಿತೆಂಬುದನ್ನು ಒಂದು ನಕ್ಷೆಯ ಫೈಲಿನಲ್ಲಿ ಬರೆದಿಟ್ಟುಕೊಂಡು, ಮುಂದಿನ ಸುತ್ತುಗಳಲ್ಲಿ ಆ ಜಾಗಗಳಿಗೆ ಮಾತ್ರ ಮರಳುತ್ತದೆ. ನಡುವೆ ಕರೆಂಟು ಹೋದರೂ ಆ ನಕ್ಷೆಯಿದ್ದರೆ ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ಅಂದು ಕರೆಂಟು ಎರಡು ಸಲ ಹೋಯಿತು, ನಕ್ಷೆ ಎರಡು ಸಲವೂ ಕೆಲಸಕ್ಕೆ ಬಂತು.

ಶನಿವಾರ ಸಂಜೆ ಆರಕ್ಕೆ ಶುರುವಾದದ್ದು ಭಾನುವಾರ ಮಧ್ಯಾಹ್ನ ಮೂರರ ಸುಮಾರಿಗೆ ಮುಗಿಯಿತು. ನವನಗರದ ಏಪ್ರಿಲ್ ಬಿಸಿಲಿನಲ್ಲಿ ಡಿಸ್ಕು ಕಾಯಬಾರದೆಂದು ಕ್ಯಾಬಿನೆಟ್ಟಿನ ಬಾಗಿಲು ತೆಗೆದು ಟೇಬಲ್ ಫ್ಯಾನನ್ನು ಅದರ ಮುಖಕ್ಕೆ ತಿರುಗಿಸಿದ್ದೆವು. ರಾತ್ರಿಯೆಲ್ಲ ನಾನು ಎದ್ದೆದ್ದು ಹೋಗಿ ಪರದೆಯ ಮೇಲಿನ ಅಂಕಿಗಳನ್ನು ನೋಡಿ ಬರುತ್ತಿದ್ದೆ. ಕೊನೆಗೆ ಸುಮಾರು 40 ಎಂಬಿ ಮಾತ್ರ ಓದಲಾಗದೆ ಉಳಿಯಿತು. 1 ಟಿಬಿಯಲ್ಲಿ ಅದು ಎಳ್ಳಿನಷ್ಟು ಎಂದು ಅಳಿಯ ಸಮಾಧಾನ ಹೇಳಿದ. ಆ ಎಳ್ಳು ಎಲ್ಲಿ ಬಿದ್ದಿದೆ ಎಂಬುದು ನಮಗಿನ್ನೂ ಗೊತ್ತಿರಲಿಲ್ಲ. ಅನಂತರದ ದುರಸ್ತಿ, ಹುಡುಕಾಟಗಳನ್ನೆಲ್ಲ ಹೊಸ ಡಿಸ್ಕಿನ ಮೇಲಿನ ನಕಲಿನಲ್ಲಿಯೇ ಮಾಡಿದೆವು. ಮೂಲ ಡಿಸ್ಕನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ಅದನ್ನು ಮತ್ತೆ ಮುಟ್ಟಿಲ್ಲ.

ಇಷ್ಟಾಗುವಾಗ ನನಗೆ ಒಂದು ಧೈರ್ಯವಿತ್ತು. 2022ರ ಸಂಕ್ರಮಣದ ರಜೆಯಲ್ಲಿ ನಾನು ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ‘ಸಿಸ್ಟಮ್ ಇಮೇಜ್’ ತೆಗೆದಿಟ್ಟಿದ್ದೆ. ಫೈಲುಗಳನ್ನಷ್ಟೇ ಕಾಪಿ ಮಾಡುವುದು ಒಂದು ಬಗೆ. ಇಡೀ ಡಿಸ್ಕಿನ ಅಚ್ಚನ್ನು ಒಂದು ದೊಡ್ಡ ಫೈಲಿನೊಳಗೆ ಇಳಿಸಿಕೊಳ್ಳುವ ಇಮೇಜ್ ಇನ್ನೊಂದು ಬಗೆ. ಒಂದು ಡಿಸ್ಕನ್ನು ಇನ್ನೊಂದರ ಮೇಲೆ ಹಾಗೆಯೇ ಪಡಿಯಚ್ಚು ಮಾಡುವ ಕ್ಲೋನ್ ಮೂರನೆಯದು. ಇಮೇಜ್ ಇದ್ದರೆ ವಿಂಡೋಸ್, ತಂತ್ರಾಂಶಗಳು, ಫೈಲುಗಳು ಎಲ್ಲವೂ ಒಟ್ಟಿಗೆ ಮರಳಿ ಬರುತ್ತವೆಂದು ಓದಿ, ಎರಡು ತಾಸು ಕುಳಿತು ತೆಗೆದಿದ್ದೆ. ಕೊನೆಯಲ್ಲಿ ‘ಯಶಸ್ವಿಯಾಯಿತು’ ಎಂದು ಪರದೆ ಹೇಳಿತ್ತು. ಅದನ್ನು ನಂಬಿ ಎರಡು ವರ್ಷ ಆ ಡಿಸ್ಕನ್ನು ಕಪಾಟಿನಿಂದ ತೆಗೆದಿರಲಿಲ್ಲ.

ಭಾನುವಾರ ಸಂಜೆ ಆ ಇಮೇಜನ್ನು, ತಿರುಗುವ ತಟ್ಟೆಯಿಲ್ಲದೆ ಚಿಪ್ಪುಗಳಲ್ಲಿ ಮಾಹಿತಿಯಿಡುವ ಹೊಸ 500 ಜಿಬಿಯ ಎಸ್‌ಎಸ್‌ಡಿಗೆ ಇಳಿಸಲು ಹೋದಾಗ ವಿಂಡೋಸ್ ನಿರಾಕರಿಸಿತು. ಇಮೇಜಿನಲ್ಲಿರುವ ಮಾಹಿತಿ ಎಷ್ಟೇ ಕಡಿಮೆಯಿರಲಿ, ಅದನ್ನು ತೆಗೆದ ಡಿಸ್ಕಿಗಿಂತ ಸಣ್ಣ ಡಿಸ್ಕಿಗೆ ಅದು ಇಳಿಯುವುದಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ಹಳೆಯ ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಹೋಗುವವರೆಲ್ಲ ಸಾಮಾನ್ಯವಾಗಿ ದೊಡ್ಡದರಿಂದ ಸಣ್ಣದಕ್ಕೇ ಹೋಗುವುದರಿಂದ ಈ ತೊಡಕು ಅನೇಕರಿಗೆ ಎದುರಾಗುತ್ತದೆ. ಆದರೆ ಅದಕ್ಕೊಂದು ಉಪಾಯವಿದೆ. ಇಮೇಜ್ ಎಂಬುದು ‘ವಿಎಚ್‌ಡಿಎಕ್ಸ್’ ಮಾದರಿಯ ಫೈಲೇ ಆಗಿರುವುದರಿಂದ, ಬೇರೆ ಯಾವುದೇ ವಿಂಡೋಸ್ ಕಂಪ್ಯೂಟರಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದನ್ನು ಒಂದು ಡ್ರೈವಿನಂತೆ ಜೋಡಿಸಿ, ಒಳಗಿನ ಫೈಲುಗಳನ್ನು ಕೈಯಾರೆ ಎತ್ತಿಕೊಳ್ಳಬಹುದು. ಬದಲಾವಣೆಯಾಗದಂತೆ, ಓದುವುದಕ್ಕೆ ಮಾತ್ರ ಎಂದು ಜೋಡಿಸುವ ಆಯ್ಕೆಯೂ ಅಲ್ಲಿದೆ, ಅದನ್ನೇ ಬಳಸಬೇಕು.

ಅಳಿಯನ ಲ್ಯಾಪ್‌ಟಾಪಿನಲ್ಲಿ ಹಾಗೆ ಜೋಡಿಸಿ ತೆರೆದು ನೋಡಿದೆವು. ಸಿ ಡ್ರೈವ್ ಇತ್ತು. ಡಿ ಡ್ರೈವ್ ಇರಲೇ ಇಲ್ಲ. ಸಿಸ್ಟಮ್ ಇಮೇಜ್ ತೆಗೆಯುವಾಗ ವಿಂಡೋಸ್ ತನಗೆ ಬೇಕಾದ ಭಾಗಗಳನ್ನು ಮಾತ್ರ ತಾನಾಗಿ ಆರಿಸಿಕೊಳ್ಳುತ್ತದೆ. ಉಳಿದ ಡ್ರೈವುಗಳ ಮುಂದೆ ನಾವೇ ಗುರುತು ಹಾಕಬೇಕು. ನಾನು ಹಾಕಿರಲಿಲ್ಲ. ಹೀಗಾಗಿ ಎರಡು ವರ್ಷ ನಾನು ಕಾಪಾಡಿಕೊಂಡು ಬಂದದ್ದು ಅಂಗಡಿಯಲ್ಲಿ ಮತ್ತೆ ಸಿಗುವ ವಿಂಡೋಸನ್ನು. ಎಲ್ಲಿಯೂ ಸಿಗದ 212 ಫೋಟೋಗಳನ್ನಲ್ಲ. ‘ಯಶಸ್ವಿಯಾಯಿತು’ ಎಂಬ ಆ ಸಂದೇಶ ಸುಳ್ಳು ಹೇಳಿರಲಿಲ್ಲ, ನಾನು ಹೇಳಿದ್ದನ್ನು ಅದು ಮಾಡಿ ಮುಗಿಸಿತ್ತು. ಅಂದೇ ಒಮ್ಮೆ ಇಮೇಜನ್ನು ತೆರೆದು, ಯಾವುದಾದರೂ ಒಂದು ಫೋಟೋವನ್ನು ಅದರೊಳಗಿಂದ ಹೊರತೆಗೆಯಲು ಪ್ರಯತ್ನಿಸಿದ್ದರೆ ಐದು ನಿಮಿಷದಲ್ಲಿ ಈ ಕೊರತೆ ಕಣ್ಣಿಗೆ ಬೀಳುತ್ತಿತ್ತು. ಬ್ಯಾಕಪ್ ತೆಗೆಯುವುದನ್ನು ನಮಗೆ ಎಲ್ಲರೂ ಹೇಳುತ್ತಾರೆ. ತೆಗೆದದ್ದನ್ನು ಮರಳಿ ಇಳಿಸಿ ನೋಡು ಎಂದು ಹೇಳುವವರು ಸಿಗುವುದಿಲ್ಲ. ಓದಿ ನೋಡದ ಪ್ರತಿಯನ್ನು ನಾನು ಈಗ ಪ್ರತಿಯೆಂದೇ ಎಣಿಸುವುದಿಲ್ಲ.

ಡಿಡಿರೆಸ್ಕ್ಯೂ ಉಳಿಸಿಕೊಟ್ಟ ಡಿ ಡ್ರೈವಿನಲ್ಲಿ ಅಪ್ಪನ ವೃತ್ತಾಂತ ಸಿಕ್ಕಿತು. ಸಂತೋಷದಿಂದ ತೆರೆದರೆ ಪರದೆಯ ತುಂಬ ರೋಮನ್ ಅಕ್ಷರಗಳು, ನಡುನಡುವೆ ಅರ್ಥವಾಗದ ಗುರುತುಗಳು. ಕಣ್ಣು ಕತ್ತಲೆ ಬಂದಂತಾಯಿತು. ಆದರೆ ಫೈಲು ಕೆಟ್ಟಿರಲಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ 128 ಸ್ಥಾನಗಳ ಪ್ರತ್ಯೇಕ ಕೇರಿಯಿದ್ದರೂ, ನಮ್ಮ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ, ಮನೆಗಳಲ್ಲಿ ಬಹುಕಾಲ ಬೆರಳಚ್ಚು ಮಾಡಿದ್ದು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ. ಆ ಪದ್ಧತಿಯಲ್ಲಿ ರೋಮನ್ ಅಕ್ಷರಗಳಿಗೆಂದು ಇದ್ದ ಸ್ಥಾನಗಳಲ್ಲಿಯೇ ಕನ್ನಡದ ಅಕ್ಷರಗಳ ತುಣುಕುಗಳನ್ನು, ತಲಕಟ್ಟು, ಗುಡಿಸು, ಕೊಂಬು, ಒತ್ತುಗಳನ್ನು, ಚಿತ್ರವಾಗಿ ಕೂರಿಸಿರುತ್ತಾರೆ. ಫಾಂಟು ಇರುವವರೆಗೆ ಅದು ಕನ್ನಡ. ಫಾಂಟು ಹೋದ ಕೂಡಲೇ ಕೆಳಗಿರುವ ರೋಮನ್ ಗುರುತುಗಳು ಮೇಲೆ ಬರುತ್ತವೆ. ಅಂದರೆ ಕನ್ನಡಿಗರ ಬ್ಯಾಕಪ್ಪಿನಲ್ಲಿ ಒಂದು ಹೆಚ್ಚಿನ ಜವಾಬ್ದಾರಿಯಿದೆ: ಫೈಲಿನ ಜೊತೆಗೆ ಅದನ್ನು ಓದಿಸುವ ಫಾಂಟನ್ನೂ ಉಳಿಸಿಕೊಳ್ಳಬೇಕು, ಇಲ್ಲವೇ ಫೈಲನ್ನು ಯುನಿಕೋಡಿಗೆ ಪರಿವರ್ತಿಸಿಡಬೇಕು. ತಾಲ್ಲೂಕು ಕಚೇರಿಯ ಹಳೆಯ ಪತ್ರಗಳಿಂದ ಹಿಡಿದು ಮದುವೆಯ ಲಗ್ನಪತ್ರಿಕೆಯವರೆಗೆ ಈ ಕಡತಗಳು ಎಷ್ಟು ಮನೆಗಳ ಕಂಪ್ಯೂಟರುಗಳಲ್ಲಿ ಮಲಗಿವೆಯೆಂದು ನೆನೆದರೆ ನನಗೆ ಕಳವಳವಾಗುತ್ತದೆ.

ಅಪ್ಪನ ಬರಹದ ಮೊದಲ ಭಾಗ ನುಡಿಯಲ್ಲಿತ್ತು. ನುಡಿ ತಂತ್ರಾಂಶವನ್ನು ಮತ್ತೆ ಹಾಕಿಕೊಂಡೊಡನೆ ಅದು ಕನ್ನಡವಾಯಿತು. ಎರಡನೆಯ ಭಾಗವನ್ನು ಒಂದು ಮುದ್ರಣಾಲಯದಲ್ಲಿ ಬೆರಳಚ್ಚು ಮಾಡಿಸಿದ್ದೆ. ಅವರು ಆಗ ಕೊಟ್ಟ ಫಾಂಟಿನ ಹೆಸರು ನನಗೆ ಮರೆತಿತ್ತು, ಮುದ್ರಣಾಲಯವೂ ಈಗ ಇಲ್ಲ. ಆ ಫಾಂಟು ಇದ್ದದ್ದು ನಾನು ಅಷ್ಟೊತ್ತಿನವರೆಗೆ ಹಳಿಯುತ್ತ ಕುಳಿತಿದ್ದ ಸಿ ಡ್ರೈವಿನ ಇಮೇಜಿನಲ್ಲಿ, ವಿಂಡೋಸ್‌ನ ಫಾಂಟುಗಳ ಫೋಲ್ಡರಿನಲ್ಲಿ. ವಿಎಚ್‌ಡಿಎಕ್ಸ್‌ನೊಳಗಿಂದ ಆ ಇಡೀ ಫೋಲ್ಡರನ್ನು ಎತ್ತಿಕೊಂಡು, ಒಂದೊಂದಾಗಿ ಹಚ್ಚಿ ನೋಡುತ್ತ ಹೋದಾಗ, ‘ನಮ್ಮ ಮುತ್ಯಾ ಬಾದಾಮಿಯಿಂದ ಬಂದು’ ಎಂಬ ಸಾಲು ಪರದೆಯ ಮೇಲೆ ಮೂಡಿತು. ಅಪ್ಪ ಅದನ್ನು ಹೇಳುವಾಗ ಕುಳಿತಿದ್ದ ಕುರ್ಚಿ ಅದೇ ಕೋಣೆಯಲ್ಲಿತ್ತು. ಅಂದೇ ರಾತ್ರಿ ಎರಡೂ ಭಾಗಗಳನ್ನು ಪಿಡಿಎಫ್ ಮಾಡಿ, ಮುಂದಿನ ವಾರಗಳಲ್ಲಿ ಯುನಿಕೋಡಿಗೆ ಪರಿವರ್ತಿಸಿ, ಅಪ್ಪನ ಕೈಬರಹದ ಟಿಪ್ಪಣಿಗಳೊಂದಿಗೆ ಹೋಲಿಸಿ ತಿದ್ದಿದೆ. ಪರಿವರ್ತಕಗಳು ಅರ್ಕಾವತ್ತಿನಲ್ಲಿಯೂ ಕೆಲವು ಒತ್ತಕ್ಷರಗಳಲ್ಲಿಯೂ ತಪ್ಪುತ್ತವೆ, ಕಣ್ಣಿಟ್ಟು ಓದದೆ ಬಿಡಬಾರದು.

ಫೋಟೋಗಳಲ್ಲಿ 209 ಚೆನ್ನಾಗಿಯೇ ತೆರೆದವು. ಮೂರು ಕೆಟ್ಟಿದ್ದವು. ಜೆಪೆಗ್ ಫೈಲಿನಲ್ಲಿ ಚಿತ್ರದ ಮಾಹಿತಿ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಹರಿಯುವುದರಿಂದ, ನಡುವೆ ಒಂದು ಕಡೆ ಕಡಿದರೆ ಅಲ್ಲಿಯವರೆಗಿನ ಚಿತ್ರ ಸರಿಯಾಗಿದ್ದು, ಕೆಳಗಿನದು ಬೂದುಬಣ್ಣದ ಬಯಲಾಗುತ್ತದೆ. ಎರಡು ಫೋಟೋಗಳ ಬಗ್ಗೆ ನನಗೆ ಅಷ್ಟು ದುಃಖವಾಗಲಿಲ್ಲ. ಅವು ಯಾರದೋ ಮದುವೆಯ ಊಟದ ಪಂಕ್ತಿಗಳು. ಮೂರನೆಯದು ಪಡಸಾಲೆಯ ಫೋಟೋ. ಮೇಲೆ ತೊಲೆಗಳು, ಕಂಬದ ಬೋದಿಗೆ, ಗೋಡೆಯ ಗೂಡಿನಲ್ಲಿಟ್ಟ ಕಂದೀಲು ಎಲ್ಲ ಸ್ಪಷ್ಟವಾಗಿದ್ದವು. ಅದರ ಕೆಳಗೆ ಬೀಸುಕಲ್ಲಿನ ಮುಂದೆ ನಮ್ಮ ಆಯಿ, ಅಪ್ಪನ ತಾಯಿ, ಕುಳಿತಿದ್ದಳು. ಅಲ್ಲಿ ಈಗ ಬರಿಯ ಬೂದುಬಣ್ಣ. ಆಯಿಯ ಫೋಟೋ ನಮ್ಮಲ್ಲಿದ್ದುದು ಅದೊಂದೇ. 40 ಎಂಬಿಯ ಎಳ್ಳು ಅಲ್ಲಿ ಬಿದ್ದಿತ್ತು.

ಅಂದಿನಿಂದ ನಾನು ಮಾಡುವ ಕೆಲಸ ಹೀಗಿದೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರು ಪ್ರಚಾರಕ್ಕೆ ತಂದ 3-2-1 ಎಂಬ ಕ್ರಮವನ್ನು ಅನುಸರಿಸುತ್ತೇನೆ: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಸ್ಥಳದಲ್ಲಿ. ಮೊದಲ ಪ್ರತಿ ಕಂಪ್ಯೂಟರಿನ ಎಸ್‌ಎಸ್‌ಡಿಯಲ್ಲಿದೆ. ಎರಡನೆಯದು 2 ಟಿಬಿಯ ಹಾರ್ಡ್ ಡಿಸ್ಕಿನಲ್ಲಿ. ಪ್ರತಿ ಅಮಾವಾಸ್ಯೆಗೆ ಅದನ್ನು ಜೋಡಿಸಿ ಹೊಸತನ್ನು ಸೇರಿಸಿ, ಮರಳಿ ಬಿಚ್ಚಿ ಕಪಾಟಿನಲ್ಲಿಡುತ್ತೇನೆ. ಬಿಚ್ಚಿಡುವುದು ಮುಖ್ಯ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದರೆ ಅದು ಜೋಡಿಸಿದ ಡಿಸ್ಕುಗಳನ್ನೂ ಬಿಡುವುದಿಲ್ಲ. ಎಸ್‌ಎಸ್‌ಡಿಯನ್ನು ನಾನು ಕಪಾಟಿನ ಪ್ರತಿಗೆ ಬಳಸುವುದಿಲ್ಲ; ಅದರ ಕೋಶಗಳಲ್ಲಿ ಮಾಹಿತಿ ವಿದ್ಯುದಾವೇಶದ ರೂಪದಲ್ಲಿರುವುದರಿಂದ ಬಹುಕಾಲ ಕರೆಂಟಿಲ್ಲದೆ ಇಟ್ಟರೆ ಅದು ಸೋರಿಹೋಗಬಹುದು. ಮೇಲಾಗಿ ಎಸ್‌ಎಸ್‌ಡಿಯಿಂದ ಅಳಿಸಿದ್ದು ಹೆಚ್ಚಾಗಿ ಮರಳಿ ಸಿಗುವುದೂ ಇಲ್ಲ, ಅಳಿಸಿದ ಜಾಗವನ್ನು ಅದು ‘ಟ್ರಿಮ್’ ಎಂಬ ಆಜ್ಞೆಯಂತೆ ತಾನಾಗಿ ತೊಳೆದಿಟ್ಟುಕೊಳ್ಳುತ್ತದೆ. ಸಂತೆಯಲ್ಲಿ, ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ‘1 ಟಿಬಿ’ ಪೆನ್‌ಡ್ರೈವುಗಳ ಬಗ್ಗೆಯೂ ಎಚ್ಚರಿಕೆ ಬೇಕು. ಅಂಥವುಗಳಲ್ಲಿ ಹಲವು ಸುಳ್ಳು ಗಾತ್ರ ತೋರಿಸಿ, ತುಂಬಿದ ಮೇಲೆ ಬರೆದದ್ದನ್ನು ಕಾಣೆಯಾಗಿಸುತ್ತವೆ.

ಗೂಗಲ್ ಡ್ರೈವಿನ ಉಚಿತ 15 ಜಿಬಿಯನ್ನೂ ಬಳಸುತ್ತೇನೆ, ಆದರೆ ಅದನ್ನು ಬ್ಯಾಕಪ್ ಎಂದು ಎಣಿಸಿಲ್ಲ. ಕಂಪ್ಯೂಟರಿನೊಂದಿಗೆ ಸಿಂಕ್ ಆಗಿರುವ ಫೋಲ್ಡರಿನಲ್ಲಿ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಕಸದ ಬುಟ್ಟಿಯಲ್ಲಿ 30 ದಿನವಿದ್ದು ಹೋಗಿಬಿಡುತ್ತದೆ. ಬೀಗದ ವಿಷಯದಲ್ಲಿ ಬಹಳ ಯೋಚಿಸಿದೆ. ಬ್ಯಾಂಕಿನ, ಆದಾಯ ತೆರಿಗೆಯ ಕಾಗದಗಳಿರುವ ಭಾಗಕ್ಕೆ ವಿಂಡೋಸಿನದೇ ಬೀಗವಾದ ಬಿಟ್‌ಲಾಕರ್ ಹಾಕಿ, ಅದರ 48 ಅಂಕಿಗಳ ಕೀಲಿಯನ್ನು ಕಾಗದದಲ್ಲಿ ಬರೆದು ಮನೆಯ ಪತ್ರಗಳ ಜೊತೆ ಇಟ್ಟಿದ್ದೇನೆ. ಫೋಟೋಗಳಿಗೆ ಮತ್ತು ಅಪ್ಪನ ವೃತ್ತಾಂತಕ್ಕೆ ಯಾವ ಬೀಗವನ್ನೂ ಹಾಕಿಲ್ಲ. ನಾನಿಲ್ಲದ ದಿನ ಅವು ಯಾರ ಕೈಗಾದರೂ ಸುಲಭವಾಗಿ ತೆರೆಯಬೇಕು, ಕದಿಯುವಂಥದ್ದು ಅದರಲ್ಲಿ ಏನೂ ಇಲ್ಲ. ಪ್ರತಿಯೊಂದು ಫೈಲಿನ ಎಸ್‌ಎಚ್‌ಎ-256 ಮೊತ್ತವನ್ನು, ಅಂದರೆ ಅದರ ಮಾಹಿತಿಯಿಂದ ಲೆಕ್ಕಹಾಕಿ ಬರುವ ಗುರುತನ್ನು, ತೆಗೆದು ಒಂದು ಪಟ್ಟಿಯಲ್ಲಿಟ್ಟಿದ್ದೇನೆ. ಫೈಲಿನ ಒಂದೇ ಒಂದು ಬಿಟ್ ಬದಲಾದರೂ 64 ಅಕ್ಷರಗಳ ಆ ಮೊತ್ತ ಪೂರ್ತಿ ಬೇರೆಯಾಗುವುದರಿಂದ, ಕಣ್ಣಿಗೆ ಕಾಣದ ಕೆಡುಕು ಅಲ್ಲಿ ಕಾಣುತ್ತದೆ. ವರ್ಷಕ್ಕೆ ಎರಡು ಸಲ, ಯುಗಾದಿಗೆ ಮತ್ತು ದೀಪಾವಳಿಗೆ, ನನ್ನದಲ್ಲದ ಒಂದು ಕಂಪ್ಯೂಟರಿನಲ್ಲಿ ಪ್ರತಿಯನ್ನು ಪೂರ್ತಿಯಾಗಿ ಇಳಿಸಿ, ಆ ಪಟ್ಟಿಯೊಂದಿಗೆ ತಾಳೆ ನೋಡಿ, ಹತ್ತಿಪ್ಪತ್ತು ಫೈಲುಗಳನ್ನು ತೆರೆದು ಓದುತ್ತೇನೆ. ನನ್ನದಲ್ಲದ ಕಂಪ್ಯೂಟರೇ ಏಕೆಂದರೆ, ನನ್ನದರಲ್ಲಿ ಫಾಂಟುಗಳೂ ತಂತ್ರಾಂಶಗಳೂ ಮೊದಲೇ ಇರುವುದರಿಂದ ಕೊರತೆ ಗೊತ್ತಾಗುವುದಿಲ್ಲ.

ಮೂರನೆಯ ಪ್ರತಿಯನ್ನು ತೆಗೆದುಕೊಂಡು ಆ ವರ್ಷದ ದೀಪಾವಳಿಗೆ ವಿಜಯಪುರಕ್ಕೆ, ತಂಗಿಯ ಮನೆಗೆ ಹೋದೆ. ಬಸ್ಸಿನಲ್ಲಿ ಡಿಸ್ಕನ್ನು ಮಡಿಲಲ್ಲಿಟ್ಟುಕೊಂಡು ಕುಳಿತಾಗ ಫ. ಗು. ಹಳಕಟ್ಟಿಯವರ ನೆನಪಾಯಿತು. ವಕೀಲರಾಗಿದ್ದ ಅವರು ಮನೆಮನೆಯ, ಮಠಮಠಗಳ ಓಲೆಗರಿಯ ಕಟ್ಟುಗಳನ್ನು ಹುಡುಕಿ ವಚನಗಳನ್ನು ಕೂಡಿಸಿದರು. 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗವನ್ನು ಹೊರತಂದು, 1925ರಲ್ಲಿ ವಿಜಯಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಓಲೆಗರಿ ಶಿಥಿಲವಾಗುವ ಮೊದಲೇ ಯಾರೋ ಕುಳಿತು ಅದನ್ನು ಇನ್ನೊಂದು ಗರಿಗೆ ಇಳಿಸಿದ್ದರಿಂದ, ಮತ್ತು ಹಾಗೆ ಇಳಿಸಿದ ಕಟ್ಟುಗಳು ಒಂದೇ ಊರಿನಲ್ಲಿ ಇರದೆ ಹಲವು ಕಡೆ ಹಂಚಿಹೋಗಿದ್ದರಿಂದ, ಅವರ ಕೈಗೆ ಅವು ಸಿಕ್ಕವು. ಒಂದು ಪ್ರತಿಯಲ್ಲಿ ಹುಳು ತಿಂದ ಸಾಲು ಇನ್ನೊಂದು ಪ್ರತಿಯಲ್ಲಿ ಉಳಿದಿರುತ್ತದೆ. ಹಳೆಯ ಗ್ರಂಥಗಳನ್ನು ಸಂಪಾದಿಸುವವರೆಲ್ಲ ಈ ಆಧಾರದ ಮೇಲೆಯೇ ಕೆಲಸ ಮಾಡುತ್ತಾರೆ. ಬ್ಯಾಕಪ್ ಎಂಬ ಶಬ್ದಕ್ಕೆ ಕನ್ನಡ ಹುಡುಕುವವರಿಗೆ ‘ಪ್ರತಿ’ ಎಂಬ ಶಬ್ದವೇ ಸಾಕೆಂದು ನನಗೆ ಅನ್ನಿಸುವುದು ಇದಕ್ಕಾಗಿ.

ತಂಗಿಯ ಮನೆಯ ಕಂಪ್ಯೂಟರಿಗೆ ಡಿಸ್ಕು ಜೋಡಿಸಿ, ಎಲ್ಲವನ್ನೂ ಇಳಿಸಿ, ತಾಳೆ ನೋಡಿ ಮುಗಿಸುವಷ್ಟರಲ್ಲಿ ರಾತ್ರಿಯಾಗಿತ್ತು. ಅವಳು ಪಕ್ಕದಲ್ಲಿ ಕುಳಿತು ಫೋಟೋಗಳನ್ನು ಒಂದೊಂದಾಗಿ ನೋಡುತ್ತ ಬಂದಳು. ಬೂದುಬಣ್ಣದ ಪಡಸಾಲೆ ಬಂದಾಗ ಕಾರಣ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಣ್ಣಾ, ಸ್ಕ್ಯಾನ್ ಮಾಡಿಸಿದಾಗ ನನಗೊಂದ ಸೀಡಿ ಕೊಟ್ಟಿದ್ದೆಲ್ಲಾ?’ ಎಂದಳು. ಕೊಟ್ಟದ್ದು ನನಗೆ ನೆನಪಿರಲಿಲ್ಲ. ಟ್ರಂಕಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ಕಾಗದದ ಲಕೋಟೆಯಲ್ಲಿ ಅದು ಇತ್ತು. ಮೇಲೆ ನನ್ನದೇ ಕೈಬರಹದಲ್ಲಿ ‘ಹಳೇ ಮನಿ, 2009’ ಎಂದಿತ್ತು. ಬೆಳಕು, ಬಿಸಿಲು ತಾಗಿದರೆ ಬರೆಯುವ ಸೀಡಿಯ ಬಣ್ಣದ ಪದರ ಕೆಡುತ್ತದೆ. ಟ್ರಂಕಿನ ಕತ್ತಲೆ ಅದನ್ನು ಕಾಪಾಡಿತ್ತು.

ಮನೆಯಲ್ಲಿ ಸೀಡಿ ಓದುವ ಸಾಧನವಿರಲಿಲ್ಲ. ಬಲಿಪಾಡ್ಯಮಿ ಕಳೆದು ಅಂಗಡಿಗಳು ತೆರೆದ ಮೇಲೆ ಅಳಿಯ ಯುಎಸ್‌ಬಿಗೆ ಜೋಡಿಸುವ ಡಿವಿಡಿ ಡ್ರೈವೊಂದನ್ನು ಗೆಳೆಯನಿಂದ ತಂದ. ಮೊದಲ ಎರಡು ಸಲ ಸೀಡಿ ತಿರುಗಿ ತಿರುಗಿ ನಿಂತಿತು. ಮೆತ್ತನೆಯ ಬಟ್ಟೆಯಿಂದ, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ ಮತ್ತೆ ಹಾಕಿದೆವು. ಮೂರನೆಯ ಸಲ ಫೈಲುಗಳ ಪಟ್ಟಿ ಬಂತು. ಕೆಟ್ಟ ಮೂರೂ ಫೋಟೋಗಳನ್ನು ಮೊದಲು ಕಾಪಿ ಮಾಡಿದೆವು, ಪಡಸಾಲೆಯದಕ್ಕೆ ನಾಲ್ಕು ನಿಮಿಷ ಹಿಡಿಯಿತು. ತೆರೆದಾಗ ಮೇಲಿನ ತೊಲೆಗಳಿಂದ ಹಿಡಿದು ಕೆಳಗಿನ ನೆಲದವರೆಗೆ ಪೂರ್ತಿಯಾಗಿತ್ತು. ತಂಗಿ ಪರದೆಯ ಹತ್ತಿರ ಬಾಗಿ, ‘ಆಯಿ ಕೈಯಾಗಿನ ಬಳಿ ಸೈತ ಕಾಣಾಕತ್ತಾವ ನೋಡಣ್ಣಾ’ ಎಂದಳು. ಅಳಿಯ ಆ ಫೋಟೋದ ಮೊತ್ತವನ್ನು ಹೊಸದಾಗಿ ತೆಗೆದು ಪಟ್ಟಿಗೆ ಸೇರಿಸಿದ; ನಾನು ಅದನ್ನು ಡಿಸ್ಕಿನ ಪ್ರತಿಯೊಳಗೆ ಇಳಿಸಿ, ಇನ್ನೊಂದನ್ನು ಬಾಗಲಕೋಟೆಗೆ ಒಯ್ಯಲು ಪೆನ್‌ಡ್ರೈವಿಗೆ ಹಾಕಿಕೊಂಡೆ. ಸೀಡಿಯನ್ನು ತಂಗಿ ಮತ್ತೆ ಲಕೋಟೆಗೆ ಹಾಕಿ, ಅಂದಿನ ತಾರೀಖನ್ನು ಅದರ ಮೇಲೆ ಬರೆದು, ಸೀರೆಗಳ ಕೆಳಗೆ ಇಟ್ಟಳು.